ವಕೀಲರ ಕಾರಿಗೆ ಕೂಡಿಸಿದ ಗಿಯರ್

ಸ್ವಲ್ಪ ಹತ್ರ ಬರ್ರಿ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ನಮ್ಮ ಬಾಜೂ ಮನಿ ವಕೀಲರ ರೇಸ್ ಕಾರಿನ ಹಿಂದಿನ ಗಾಲಿ ತಿರುಗಿಸೋ ಗಿಯರ್ ಮುರಿದಿತ್ತು. ಧಾರವಾಡದ ತನಕ ಹೆಂಡ್ತಿ ತಮ್ಮನ ಕೂಡ ಪಂದ್ಯ ಬ್ಯಾರೆ ಕಟ್ಟಿದ್ರು. "ಜೋರು ಓಡೋ ಗಿಯರ್ ಹಾಕು" ಅಂತ ಗ್ಯಾರೇಜಿನ ಮಿಸ್ತ್ರಿಗೆ ಹೇಳಿ ಕೋರ್ಟಿಗೆ ಹೋದ್ರು.

ನಾ ಗ್ಯಾರೇಜಿಗೆ ದಿನಾ ರೊಟ್ಟಿ ಬುತ್ತಿ ಒಯ್ತಿದ್ದೆ. ಅವತ್ತ ನೋಡಿದ್ರ ಅಲ್ಲಿ ವಕೀಲರ ಹೆಂಡ್ತಿ ಗಂಗಕ್ಕ!

"ಮಿಸ್ತ್ರಿ, ದಿಬ್ಬ ಏರೋ ಗಿಯರ್ ಹಾಕಪಾ, ನಿಧಾನ ಹೋಗ್ಲಿ. ಜೋರು ಓಡಿಸಿ ಎಲ್ಲೆರ ಬಿದ್ರ ನನ್ನ ಕುಂಕುಮ ಹೋಗ್ತದ." ಮಿಸ್ತ್ರಿ ಹಾಕೇಬಿಟ್ಟ. ಆಕಿ ನನ್ನ ಕಡೆ ತಿರುಗಿ, "ಅಕ್ಕಾರ, ಕಾಲ ಬೀಳ್ತೇನಿ, ಹೇಳಬ್ಯಾಡ್ರಿ" ಅಂದ್ಲು.

ನಾ ಹೇಳಿದ್ದು ಬರೇ ನಾಕು ಮಂದಿಗೆ. ಸಂಜಿಕ್ಕ ವಕೀಲರು ಕಾರಿನ ಹೊಟ್ಟಿ ಬಿಚ್ಚಿಸಿ, ಯಾವ ಗಿಯರ್ ಹಾಕ್ಯಾನಂತ ಅದರ ಹಲ್ಲು ಎಣಿಸಾಕತ್ತಿದ್ರು! ನನಗ ನಗಿ ತಡೀಲಿಲ್ಲ.

ಗಂಗಕ್ಕ ನಮ್ಮ ಬಾಗಿಲಿಗೇ ಬಂದ್ಲು: "ಅಕ್ಕಾರ, ಆ ಜೋರು ಓಡೋ ಗಿಯರನ್ನ ಮಿಸ್ತ್ರಿ ನಿಮ್ಮ ಬಾಯಿಗೆ ಕೂಡಿಸ್ಯಾನೇನ್ರಿ?"