ಒಂದೇ ಗೂಡಿನಲ್ಲಿ ಎರಡು ಗೆರೆ

ಸಂಜೆ ಐದರೊಳಗೆ ಚಿತ್ರವನ್ನು ಕನಕಪುರದ ಫ್ಲೆಕ್ಸ್ ಅಂಗಡಿಗೆ ಕೊಡಬೇಕಿತ್ತು. ಮರುದಿನ ರಾಮನಗರದಲ್ಲಿ ಹತ್ತು ಮಂದಿಯ ಚಿತ್ರಪ್ರದರ್ಶನ. ನನ್ನ ಪಾಲಿಗೆ ಒಂದು ಗೋಡೆ. ಕಂಪ್ಯೂಟರಿನಲ್ಲಿ ಹುಟ್ಟಿದ ಚಿತ್ರಕ್ಕೆ ಯಾರಾದರೂ ಗೋಡೆ ಬಿಟ್ಟುಕೊಟ್ಟದ್ದು ಅದೇ ಮೊದಲು. ಚಿತ್ರವೂ ಸಿದ್ಧವಾಗಿತ್ತು. ಕಷ್ಟವೆಂದರೆ, ಅದು ನನಗೇ ಹಿಡಿಸಿರಲಿಲ್ಲ.

ಆ ದಿನ ದೊಡ್ಡಆಲಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ರೇಷ್ಮೆ ಹುಳ ಹಣ್ಣಾಗಿದ್ದವು. ಹಣ್ಣಾದ ಹುಳ ಸೊಪ್ಪು ಬಿಟ್ಟು, ಮೈ ಹಳದಿಯಾಗಿ, ತಲೆಯೆತ್ತಿ ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆರಿಸಿ, ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ಕೂರಿಸಿದ ಚಂದ್ರಿಕೆಗೆ ಬಿಡಬೇಕು. ಮನೆಯವರ ಕೈ ಸಾಲದು, ನೆಂಟರೂ ಬರಬೇಕು. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬೆಳಿಗ್ಗೆಯೇ ಹೋದೆ. ಬೆಳಿಗ್ಗೆಯೇ ಎಂದು ನೆನಪು ಹೇಳುತ್ತದೆ. ಫೋನಿನಲ್ಲಿ ಉಳಿದಿರುವ ಅಲ್ಲಿನ ಮೊದಲ ಫೋಟೊ ಹನ್ನೆರಡೂವರೆಯದು. ಫೋನನ್ನೇ ನಂಬುತ್ತೇನೆ.

ಚಿತ್ರ ಬಿಡಿಸುವ ನನ್ನ ಪ್ರೋಗ್ರಾಮ್ ಹುಟ್ಟಿದ್ದೂ ಚಂದ್ರಿಕೆಯಿಂದಲೇ. ಪರದೆಯ ಮೇಲೊಂದು ಸುರುಳಿ, ಅದರುದ್ದಕ್ಕೂ ಕೆಲವು ನೂರು ಚುಕ್ಕಿ. ಪ್ರತಿ ಚುಕ್ಕಿಯೂ ಹುಳದ ತಲೆಯಂತೆ ಅತ್ತಿತ್ತ ತೂಗುತ್ತ ತನ್ನ ಸುತ್ತ ಗೆರೆ ಸುತ್ತಿಕೊಳ್ಳುತ್ತದೆ. ಎಷ್ಟು ತೂಗಬೇಕು, ಎತ್ತ ವಾಲಬೇಕು ಎಂದು ನಾನು ಹೇಳುವುದಿಲ್ಲ. ಚೀಟಿ ಎತ್ತಿದಂತೆ ಕಂಪ್ಯೂಟರೇ ಎತ್ತಿಕೊಳ್ಳುತ್ತದೆ. ಮೊದಲ ಸಲ ಓಡಿಸಿದಾಗ, ಹತ್ತಿರ ಬಂದ ಚುಕ್ಕಿಗಳು ದೂರ ಸರಿಯಬೇಕೆಂದು ಬರೆಯುವುದನ್ನೇ ಮರೆತಿದ್ದೆ. ಒಂದು ಮೂಲೆಯಲ್ಲಿ ಎರಡರ ಗೆರೆಗಳು ಹೆಣೆದುಕೊಂಡು ಕಪ್ಪು ಗಂಟಾಯಿತು. ಗೆಳೆಯನಿಗೆ ತಮಾಷೆಗೆ ಕಳಿಸಲು ಪರದೆಯ ಫೋಟೊ ತೆಗೆದೆ, ತಪ್ಪು ತಿದ್ದಿದೆ, ಮುಚ್ಚಿದೆ. ಕಂಪ್ಯೂಟರ್ ಚೀಟಿ ಎತ್ತುವುದು ಒಂದು ಸಂಖ್ಯೆಯಿಂದ ಶುರುವಾಗುತ್ತದೆ. ಅದನ್ನು ಉಳಿಸಿಕೊಂಡಿದ್ದರೆ ಅದೇ ಚಿತ್ರ ಮತ್ತೆ ಬರುತ್ತಿತ್ತು. ಉಳಿಸಿಕೊಂಡಿರಲಿಲ್ಲ.

ಇದನ್ನೇ ಯೋಚಿಸುತ್ತ ಹುಳ ಬಿಡುತ್ತಿದ್ದೆ.

“ಲೋ, ಒತ್ತೊತ್ತಾಗಿ ಬುಡ್ಬ್ಯಾಡ ಕಣ್ಲಾ! ಒಸಿ ಜಾಗ ಕೊಡು,” ಎಂದು ಚಿಕ್ಕಮ್ಮ ಗದರಿದರು. “ಎರಡು ಸೇರ್ಕಂಡು ಒಂದೇ ಗೂಡು ಕಟ್ಬುಟ್ರೆ ನೂಲು ತೆಗೆಯೋ ರೀಲರ್ ಆರಿಸಿ ಆ ಕಡೆ ಎಸೀತಾನೆ. ನೂಲು ಸಿಕ್ಕಾಯ್ತದೆ.”

ನನ್ನ ಕೈ ನಿಂತಿತು. ಫೋನಿನಲ್ಲಿದ್ದ ಆ ಗಂಟಿನ ಫೋಟೊ ತೋರಿಸಿದೆ.

“ಹೂಂ, ಜೋಡಿ ಗೂಡೇ ಇದು. ಯಾರ್ ಮನೇದ್ಲಾ?”

“ನಂದೇ. ತಪ್ಪಾಗಿ ಬಂದ್ಬುಡ್ತು. ತಿದ್ದಿರೋದು ಇಲ್ಲೈತೆ ನೋಡು.”

ಲ್ಯಾಪ್‌ಟಾಪ್ ತೆರೆದೆ. ಚಿಕ್ಕಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಗ್ಗಿ ನೋಡಿದರು.

“ಪ್ಲಾಸ್ಟಿಕ್ ಚಾಪೆ ಇದ್ದಂಗೈತೆ. ಹುಳ ಎಲ್ಲಿ ಅವೆ ಇದ್ರಲ್ಲಿ?”

“ಜೋಡಿ ಗೂಡು ಎಸೀತಾರೆ ಅಂದ್ಯಲ್ಲ?”

“ಎಸೆದ್ರೆ ತಿಪ್ಪೆಗಾ? ಅದ್ರಲ್ಲಿ ದಪ್ಪ ನೂಲು ತೆಗೆಯೋರು ಬ್ಯಾರೆ ಅವ್ರೆ. ಮೈಯೆಲ್ಲ ಗಂಟ್ ಗಂಟಾಗಿರೋ ಸೀರೆ ಬತ್ತದಲ್ಲ, ಮುಟ್ಟುದ್ರೆ ಬಿಡಂಗೇ ಇಲ್ಲ, ಅದು.”

ಮೂರು ಗಂಟೆ ದಾಟಿತ್ತು. ಸೊಪ್ಪಿನ ಮೂಟೆಯ ಮೇಲೆ ಕುಳಿತು, ಚುಕ್ಕಿಗಳನ್ನು ದೂರ ಸರಿಸುವ ಸಾಲನ್ನು ಅಳಿಸಿದೆ. ಒಂದೇ ಸಲ ಓಡಿಸಿದೆ, ಬಂದದ್ದನ್ನು ಒಪ್ಪಿಕೊಂಡೆ. ಹೀಗೆ ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ನಡೆದದ್ದು ಹಾಗಲ್ಲ. ನಾಲ್ಕು ಸಲ ಓಡಿಸಿದೆ; ಐದೂ ಇರಬಹುದು. ಫೋಟೊದಲ್ಲಿದ್ದ ಗಂಟೇ ಮತ್ತೆ ಬೇಕಿತ್ತು ನನಗೆ. ಒಂದರಲ್ಲಿ ಗಂಟೇ ಇರಲಿಲ್ಲ, ಇನ್ನೊಂದರಲ್ಲಿ ಗಂಟು ಬಿಟ್ಟು ಬೇರೇನೂ ಇರಲಿಲ್ಲ.

“ಇನ್ನೂ ಎಷ್ಟ್ ಸಲ ಆರಿಸ್ತೀಯ? ಇಲ್ಲಿ ಹುಳ ಕಾಯ್ತವಾ ನಿಂಗೆ?”

ನಾಚಿಕೆಯಾಯಿತು. ಇನ್ನೊಮ್ಮೆ ಮಾತ್ರ ಓಡಿಸಿದೆ. ಮೂರು ಗಂಟುಗಳು ಬಂದವು, ಮೂಲೆಯಲ್ಲಿ ಒಂದೂ ಇಲ್ಲ. ಎಲ್ಲಕ್ಕಿಂತ ದೊಡ್ಡದು ಸುರುಳಿಯ ನಟ್ಟನಡುವೆ, ಬಾಗಿಲಿಗೆ ಅಡ್ಡ ಕೂತ ಎಮ್ಮೆಯ ಹಾಗೆ. ಅದನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡೆ. ಅರ್ಧಕ್ಕೆ ಬಿಟ್ಟಿದ್ದ ಚಂದ್ರಿಕೆಯನ್ನು ತುಂಬಿಸಿ, ಬೈಕ್ ಹತ್ತಿದೆ.

ಅಂಗಡಿ ತಲುಪಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಹುಟ್ಟುಹಬ್ಬದ ಬ್ಯಾನರುಗಳ ನಡುವೆ ಕುಳಿತಿದ್ದ ಆಪರೇಟರ್ ಚಿತ್ರವನ್ನು ದೊಡ್ಡದು ಮಾಡಿ ನೋಡಿದ.

“ಸಾರ್, ನಡುವೆ ಏನೋ ಗಂಟ್ ಬಿದ್ದೈತೆ. ಕ್ಲೀನ್ ಮಾಡ್ಬುಡ್ಲಾ? ಎರಡೇ ನಿಮಿಷ.”

ನಾಲಿಗೆಯ ತುದಿಗೆ ‘ಹೂಂ’ ಬಂದಿತ್ತು. ರಾಮನಗರದ ಆ ಗೋಡೆಯ ಮುಂದೆ ನಿಂತು ಜನ ಇದೇ ಮಾತು ಕೇಳುವುದು ಕಣ್ಣಿಗೆ ಕಟ್ಟಿತು. ಅದರ ಹಿಂದೆಯೇ ಚಿಕ್ಕಮ್ಮ ಹೇಳಿದ ಪ್ಲಾಸ್ಟಿಕ್ ಚಾಪೆಯೂ ನೆನಪಾಯಿತು.

“ಬ್ಯಾಡ. ಹಂಗೇ ಇರ್ಲಿ.”

“ಆಮೇಲೆ ನಮ್ಮ ಮೇಲೆ ಹಾಕ್ಬಾರ್ದು ಮತ್ತೆ.”

“ಹಾಕಲ್ಲ.”

ಯಂತ್ರ ಕ್ಯಾನ್ವಾಸಿನ ಮೇಲೆ ಅತ್ತಿಂದಿತ್ತ ಓಡತೊಡಗಿತು. ಲ್ಯಾಪ್‌ಟಾಪಿನಲ್ಲಿ ಬರೀ ಕಪ್ಪಾಗಿ ಕಂಡಿದ್ದ ಗಂಟು ಇಲ್ಲಿ ತಟ್ಟೆಯಗಲಕ್ಕೆ ಹರಡಿಕೊಳ್ಳುತ್ತ ಬಂತು. ಒಳಗಿನ ಎರಡು ಗೆರೆಗಳೂ ಬೇರೆ ಬೇರೆಯಾಗಿ ಕಂಡವು; ಒಂದರ ಸಂದಿನಲ್ಲಿ ಇನ್ನೊಂದು ದಾರಿ ಮಾಡಿಕೊಂಡಿತ್ತು. ಹಾಗೆ ಮಾಡೆಂದು ನಾನು ಎಲ್ಲೂ ಬರೆದಿರಲಿಲ್ಲ. ತಿಳಿಯದೆಯೇ ಬೆರಳು ಚಾಚಿದೆ.

“ಮುಟ್ಬ್ಯಾಡಿ ಸಾರ್, ಹಸಿ ಐತೆ,” ಎಂದ ಆಪರೇಟರ್. “ಇನ್ನೂ ಅರ್ಧ ಬರ್ಬೇಕು.”