ಮಾರ್ಗಸೂಚಿಗೆ ಅಂಕ ಹಾಕುವವಳು

ಬೇರೆ ವೈದ್ಯರು ಬರೆದ ಚಿಕಿತ್ಸಾ ಮಾರ್ಗಸೂಚಿಗಳಿಗೆ ಅಂಕ ಹಾಕುವುದು ಅವಳ ಕೆಲಸ. ಯಾವ ಕಾಯಿಲೆಗೆ ಯಾವ ಔಷಧಿ ಎಂದು ಅವಳು ಹೇಳಬೇಕಿಲ್ಲ; ಹೇಳಿದವರು ಆಧಾರವಿಟ್ಟು ಹೇಳಿದ್ದಾರೋ, ರೋಗಿಗಳನ್ನು ಒಂದು ಮಾತು ಕೇಳಿದ್ದಾರೋ ಎಂದು ನೋಡಿದರಾಯಿತು. ಅವಳ ಅತ್ತೆ ಇದನ್ನು ‘ಅಡುಗೆ ಮಾಡದೆ ಉಪ್ಪು ನೋಡೋ ಕೆಲಸ’ ಎನ್ನುತ್ತಿದ್ದರು.

ಹೆರಿಗೆ ರಜೆ ಮುಗಿಸಿ ಬಂದು ತಿಂಗಳಾದ ಮೇಲೆ ಅವಳ ಮೇಜಿಗೆ ಬಂದ ಕಟ್ಟು ಗಂಡಸರ ನಿಮಿರು ದೌರ್ಬಲ್ಯದ್ದು. ಶೀರ್ಷಿಕೆ ಓದಿದವಳೇ ಅದನ್ನು ಮಗುಚಿಟ್ಟಳು. ಮಗು ಹುಟ್ಟಿದ ಮೇಲೆ ಅವಳ ಗಂಡನ ತೊಂದರೆಯೂ ಅದೇ. ರಾತ್ರಿ ಭುಜನೋವು ಎಂದು ಮಗ್ಗುಲು ತಿರುಗುತ್ತಿದ್ದವನು ಈಚೆಗೆ ಮಗುವಿನ ಬಟ್ಟೆ ಮಡಿಸುತ್ತ ನಿಜ ಹೇಳಿದ್ದ.

“ಡಾಕ್ಟ್ರ ಹತ್ರ ನಾನೇ ಹೋಗ್ತೀನಿ ಕಣೇ. ಅಲ್ಲೀವರೆಗೆ ಯಾರ ಕಿವಿಗೂ ಬೀಳಬಾರದು.”

“ನನ್ನ ಬಾಯಿಗೆ ಬೀಗ” ಎಂದಿದ್ದಳು.

ಕಚೇರಿಯ ಕ್ರಮವೆಂದರೆ, ತಂಡದ ನಾಲ್ವರೂ ಬೇರೆಬೇರೆ ಕೂತು ಅಂಕ ಹಾಕಬೇಕು. ಅಂತರ ಹೆಚ್ಚಾದರೆ ಒಟ್ಟಿಗೆ ಕೂತು ಕಾರಣ ಹೇಳಬೇಕು. ‘ರೋಗಿಗಳ ಅಭಿಪ್ರಾಯ ಪಡೆಯಲಾಗಿದೆಯೇ’ ಎಂಬಲ್ಲಿ ಮೂವರು ಏಳಕ್ಕೆ ಐದು ಕೊಟ್ಟಿದ್ದರು. ಅವಳು ಕೊಟ್ಟದ್ದು ಒಂದು.

“ಇಷ್ಟು ಜಿಪುಣತನ ಯಾಕಮ್ಮಾ?” ಎಂದರು ಹಿರಿಯ ವೈದ್ಯರು. “ರೋಗಿಗಳ ಪ್ರತಿನಿಧಿ ಸಭೇಲಿದ್ರು ಅಂತ ಬರೆದಿದ್ದಾರಲ್ಲ.”

“ಇದ್ರು ಸರ್, ಗೋಡೆ ಮೇಲೆ ಹಲ್ಲಿ ಇದ್ದ ಹಾಗೆ. ಅವರು ಏನು ಹೇಳಿದ್ರು ಅಂತ ಎಲ್ಲೂ ಇಲ್ಲ.”

“ಹೇಳೋಕೇನಿರುತ್ತೆ, ಮಾತ್ರೆ ಕೊಡಿ ಅಂತಾರೆ” ಎಂದು ಅಂಕಿ ಅಂಶ ನೋಡುವ ತರುಣ ನಕ್ಕ.

ಆ ನಗು ಅವಳಿಗೆ ಮುಳ್ಳಿನಂತೆ ನೆಟ್ಟಿತು. “ಮಾತ್ರೆಗಿಂತ ಮೊದ್ಲು ಬಾಯಿ ಬಿಡೋಕೆ ಧೈರ್ಯ ಬೇಕು. ನಂಗೆ ಗೊತ್ತಿರೋ ಒಬ್ರು ತಿಂಗಳುಗಟ್ಟಲೆ ಭುಜನೋವು ಅಂತ ಹೇಳ್ಕೊಂಡೇ ಮಲಗ್ತಿದ್ರು. ಹೆಂಡ್ತಿ ಪಾಪ, ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು.”

ಹೇಳಿಬಿಟ್ಟ ಮೇಲೆ ನೆನಪಾಯಿತು: ಗಂಡನ ಭುಜನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ಅವಳು ಊಟದ ಹೊತ್ತಿನಲ್ಲಿ ಇವರನ್ನೇ ಕೇಳಿದ್ದಳು. ಸೀಸೆ ತಂದುಕೊಟ್ಟಿದ್ದ, ತಂಡದ ನಾಲ್ಕನೆಯವರಾದ ಗ್ರಂಥಾಲಯದ ಅಕ್ಕ ಈಗ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ತರುಣ ಪೆನ್ನಿನ ಮುಚ್ಚಳದೊಳಗೆ ಏನನ್ನೋ ಹುಡುಕುತ್ತಿದ್ದ.

“ನಿನ್ನದು ಒಂದೇ ಇರಲಿ” ಎಂದರು ಹಿರಿಯರು ಮೆಲ್ಲಗೆ. “ನಾನೂ ಎರಡಕ್ಕಿಳಿಸ್ತೀನಿ.”

ವಾದ ಗೆದ್ದಿದ್ದಳು. ಕಿವಿಯ ತುದಿಯವರೆಗೂ ಮುಖ ಸುಡುತ್ತಿತ್ತು.

ಸಂಜೆ ಗಂಡ ಮಗುವನ್ನೆತ್ತಿಕೊಂಡು ಗೇಟಿನ ಬಳಿ ಕಾದಿದ್ದ. ದಿನಾ ನಿಂತು ಮಾತಾಡಿಸುತ್ತಿದ್ದ ಅಕ್ಕ ಮಗುವಿನ ಕೆನ್ನೆ ಮುಟ್ಟಿ ಸರಸರನೆ ಹೋಗಿಬಿಟ್ಟರು.

“ಅಕ್ಕ ಇವತ್ತು ನನ್ನ ಮುಖಾನೇ ನೋಡ್ಲಿಲ್ವಲ್ಲ?”

ಕೆಲಸದ ಒತ್ತಡ ಎಂದರೆ ನಂಬುತ್ತಿದ್ದ. ಅವಳಿಂದಾಗಲಿಲ್ಲ. “ಹೆಸರು ಹೇಳ್ಲಿಲ್ಲ ರೀ. ಆದ್ರೂ ಎಲ್ರಿಗೂ ಗೊತ್ತಾಗೋ ಹಾಗೆ ಹೇಳ್ಬಿಟ್ಟೆ.”

ಬಸ್ ನಿಲ್ದಾಣದವರೆಗೂ ಅವನು ಎರಡು ಹೆಜ್ಜೆ ಮುಂದೆಯೇ ನಡೆದ.

“ನಕ್ರಾ?”

“ಇಲ್ಲ. ಪಾಪ ಅನ್ನೋ ಥರ ಸುಮ್ನಾದ್ರು.”

“ನಕ್ಕಿದ್ರೇ ವಾಸಿಯಿತ್ತು.”

ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿಯಿತ್ತು. ಮಗು ಅವಳತ್ತ ಎರಡೂ ಕೈ ಚಾಚಿತು. ಕೊಡಿ ಎನ್ನಲು ಬಾಯಿ ಬರದೆ ಅವಳು ಕಂಬಿ ಹಿಡಿದು ನಿಂತೇ ಇದ್ದಳು.