ಒಂಬತ್ತು ಅಡಿ ನಾಲ್ಕು ಇಂಚು

ಬೈಲಹೊಂಗಲದ ಕರಿಮಣ್ಣಿನ ಮೇಲೆ ಬಾಸ್ಕೆಟ್‌ಬಾಲ್ ಆಡಿಸುತ್ತೇನೆಂದು ಹೊರಟ ಮೊದಲ ಹುಚ್ಚ ನಾನೇ ಇರಬೇಕು. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುವ ನೆಲ ಅದು. ಮಳೆ ಬಿದ್ದರೆ ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ, ಇನ್ನು ಚೆಂಡು ಪುಟಿಯುವ ಮಾತು ಎಲ್ಲಿಯದು? ನಮ್ಮದು ಸಣ್ಣ ಡಿಗ್ರಿ ಕಾಲೇಜು, ನಾನು ಅಲ್ಲಿ ದೈಹಿಕ ಶಿಕ್ಷಣದ ಮಾಸ್ತರ. ಸಿಮೆಂಟಿನ ಕೋರ್ಟು ಮಾಡಿಸಿಕೊಡಿ ಎಂದು ಅರ್ಜಿ ಬರೆದು ಬರೆದು ಕೈ ಸೋತ ಮೇಲೆ ನಾನೇ ಒಂದು ದಾರಿ ಕಂಡುಕೊಂಡೆ. ಪ್ರತಿ ವರ್ಷ ಹೊಸ ತಂಡ ಕಟ್ಟುವ ಹೊತ್ತಿಗೆ ಕಿತ್ತೂರಿನ ಕಡೆಯಿಂದ ಎರಡು ಟ್ರ್ಯಾಕ್ಟರ್ ಗರಸು ತರಿಸುತ್ತಿದ್ದೆ. ಆ ಕೆಂಪು ಹರಳುಮಣ್ಣನ್ನು ಹುಡುಗರೇ ಬುಟ್ಟಿಯಲ್ಲಿ ಹೊತ್ತು ಹಾಸಬೇಕು, ನೀರು ಹೊಡೆದು ಕಲ್ಲಿನ ರೋಲರ್ ಎಳೆಯಬೇಕು, ಕೊನೆಗೆ ಕಂಬದ ಬುಡದಲ್ಲಿ ಕಾಯಿ ಒಡೆಯಬೇಕು. ಗರಸು ಹೊರದವನಿಗೆ ನಾನು ಜರ್ಸಿ ಕೊಡುತ್ತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಂದು ವರ್ಷವೂ ಇದನ್ನು ತಪ್ಪಿಸಲಿಲ್ಲ.

ಹುಡುಗರು ಗೊಣಗದೆ ಇರುತ್ತಾರೆಯೇ? "ಸರ, ನಾವು ಬಾಸ್ಕೆಟ್‌ಬಾಲ್ ಆಡಾಕ ಬಂದೀವೋ, ರಸ್ತೆ ಮಾಡಾಕ ಬಂದೀವೋ?" ಎಂದು ಯಾವನಾದರೂ ಒಬ್ಬ ಬಾಯಿ ಬಿಡುತ್ತಿದ್ದ.

"ಮೊದಲ ನೆಲ ಕಟ್ರಿ, ಆಮ್ಯಾಲ ಆಟ. ಬೆನ್ನ ಬಗ್ಗಿಸದವನಿಗೆ ನಾ ಚೆಂಡ ಮುಟ್ಟಾಕ ಬಿಡೂದಿಲ್ಲ," ಎಂದು ನಾನು ಸೀಟಿ ಊದುತ್ತಿದ್ದೆ. ಆ ಮಾತನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದೆ ಎಂದು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ನಮ್ಮ ಗ್ರೌಂಡಿಗೆ ಹೆಸರಿತ್ತು. ಸವದತ್ತಿಯವರು, ಕಿತ್ತೂರಿನವರು, ರಾಮದುರ್ಗದವರು ಯಾರೇ ಅಭ್ಯಾಸದ ಪಂದ್ಯಕ್ಕೆ ಬರಲಿ, ಸೋತು ಹೋಗುತ್ತಿದ್ದರು. ಅವರು ಎಸೆದ ಚೆಂಡು ರಿಂಗಿನ ಮೇಲೆ ಹಾರಿ ಹಲಗೆಗೆ ಬಡಿದು ವಾಪಸು ಬರುತ್ತಿತ್ತು. "ಏನರ ಮಾಟಾ ಮಾಡ್ಸೀರೇನ್ರಿ ಕಂಬಕ್ಕ?" ಎಂದು ಒಬ್ಬ ಮಾಸ್ತರರು ಚಾಷ್ಟಿ ಮಾಡಿದ್ದರು, ನಾನು ಮೀಸೆ ತಿರುವಿದ್ದೆ. ಹೊರಗೆ ಹೋದಾಗ ಮಾತ್ರ ನಾವು ಸೋಲುತ್ತಿದ್ದೆವು. ಅದಕ್ಕೆ ಕಾರಣಗಳ ಕೊರತೆ ಇರಲಿಲ್ಲ. ಬಸ್ಸಿನಲ್ಲಿ ಮೈ ಹಣ್ಣಾಯಿತು, ಊಟ ಒಗ್ಗಲಿಲ್ಲ, ಸಿಮೆಂಟಿನ ಮೇಲೆ ಕಾಲು ಜಾರಿತು, ರೆಫ್ರಿ ಅವರ ಕಡೆಯವನು. ಪ್ರಿನ್ಸಿಪಾಲರು ಪ್ರತಿ ವರ್ಷ ತಲೆ ಅಲ್ಲಾಡಿಸಿ ನಂಬುತ್ತಿದ್ದರು. ನಾನೂ ನಂಬುತ್ತಿದ್ದೆ.

ಆ ವರ್ಷದ ತಂಡದಲ್ಲಿ ಸಾಲಹಳ್ಳಿಯ ಹುಡುಗನೊಬ್ಬನಿದ್ದ. ಬಿ.ಎ. ಕೊನೆಯ ವರ್ಷ, ಹಾಸ್ಟೆಲ್ಲಿನಲ್ಲಿ ವಾಸ. ಅಪ್ಪನದು ನವಿಲುತೀರ್ಥದ ಕಾಲುವೆಯ ಮೇಲೆ ನೀರು ಬಿಡುವ ಕೆಲಸ. ಬಸ್ಸು ಹತ್ತುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರದ ಹುಡುಗ, ಮೊದಲ ವರ್ಷ ಬಂದಾಗ ಚೆಂಡನ್ನು ಕುಂಬಳಕಾಯಿಯ ಹಾಗೆ ಎದೆಗೆ ಅವುಚಿ ಹಿಡಿದಿದ್ದ. ನಾನು ಬೈದಷ್ಟೂ ಹತ್ತಿರ ಬರುತ್ತಿದ್ದ. ಮೂರನೆಯ ವರ್ಷದ ಹೊತ್ತಿಗೆ ಅವನ ಕೈ ಹೇಗೆ ಕುಳಿತಿತ್ತೆಂದರೆ, ಎಡ ಮೂಲೆಯಿಂದ ಹತ್ತು ಎಸೆದರೆ ಎಂಟು ಒಳಗೆ. ಬೆಳಗ್ಗೆ ಹಾಸ್ಟೆಲ್ಲಿನಲ್ಲಿ ನಾಷ್ಟಾದ ಸೂಸಲಾ ಆಗುವುದರೊಳಗೆ ನೂರು ಸಲ ಎಸೆದು ಮುಗಿಸುತ್ತಿದ್ದ. ನಾನು ಹೇಳಿರಲಿಲ್ಲ, ಅವನೇ ಮಾಡಿಕೊಂಡ ನೇಮ.

ಅವನಿಗೆ ಬೇಕಾದದ್ದು ಒಂದೇ. ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾಗುವುದು. ಆ ಸರ್ಟಿಫಿಕೇಟು ಕೈಗೆ ಬಂದರೆ ಆಟದ ಕೋಟಾದಲ್ಲಿ ಬಿ.ಪಿ.ಇಡಿ. ಸೀಟು, ಸೀಟು ಸಿಕ್ಕರೆ ಮುಂದೆ ಯಾವುದಾದರೂ ಹೈಸ್ಕೂಲಿನಲ್ಲಿ ಆಟದ ಮಾಸ್ತರಿಕೆ. ಪರೀಕ್ಷೆಯ ಅಂಕಗಳ ಮೇಲೆ ಅವನಿಗೆ ಸೀಟು ಸಿಗುವ ಹಾಗಿರಲಿಲ್ಲ. ಹಿಂದಿನ ವರ್ಷ ಒಂದೇ ಹೆಸರಿನಿಂದ ಹೊರಗುಳಿದಿದ್ದ. ಇದು ಕೊನೆಯ ಅವಕಾಶ.

"ನನಗ ನಿಮ್ಮಂಗ ಆಗಬೇಕ್ರಿ ಸರ," ಎಂದಿದ್ದ ಒಮ್ಮೆ, ರೋಲರ್ ಎಳೆಯುತ್ತ.

"ನನ್ನಂಗ ಆಗಿ ಏನ ಮಾಡಾಂವ? ಬಿಸಲಾಗ ನಿಂತು ಗಂಟಲ ಹರಕೊಳ್ಳಾಂವೇನು?" ಎಂದು ಗದರಿದ್ದೆ. ಒಳಗೊಳಗೆ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ವಲಯ ಮಟ್ಟದ ಪಂದ್ಯಗಳು ಸವದತ್ತಿಯಲ್ಲಿ ಎಂದು ಗೊತ್ತಾಯಿತು. ಅಲ್ಲಿಯೇ ಯೂನಿವರ್ಸಿಟಿ ತಂಡದ ಆಯ್ಕೆಯೂ. ಹನ್ನೆರಡು ದಿನ ಉಳಿದಿತ್ತು. ಅಷ್ಟರಲ್ಲಿ ನಮ್ಮ ಒಂದು ರಿಂಗು ಜೋತುಬಿದ್ದಿತು. ಯಾವನೋ ಹಿಡಿದು ಜೀಕಿದ್ದ. ಒಂದು ಮಧ್ಯಾಹ್ನ, ಹುಡುಗರೆಲ್ಲ ಕ್ಲಾಸಿನಲ್ಲಿದ್ದಾಗ, ಪೇಟೆಯಿಂದ ವೆಲ್ಡಿಂಗಿನ ಅಜ್ಜನನ್ನು ಕರೆಸಿದೆ. ಅವನು ಏಣಿ ಹತ್ತಿ ಹಳೆಯ ಬೋಲ್ಟು ಬಿಚ್ಚಿದ.

"ಬರೋಬ್ಬರಿ ಹತ್ತ ಫೂಟಿಗೆ ಕೂಡಸ್ರಿ ಅಜ್ಜಾರ. ಹತ್ತ ಫೂಟ ಅಂದ್ರ ಹತ್ತ ಫೂಟ, ಒಂದ ನೂಲ ಹೆಚ್ಚಿಲ್ಲ, ಕಡಿಮಿಲ್ಲ," ಎಂದೆ, ದೊಡ್ಡ ತಿಳಿದವನ ಹಾಗೆ.

ಅಜ್ಜ ಟೇಪು ಕೆಳಗೆ ಬಿಟ್ಟ. ನೆಲಕ್ಕೆ ಮುಟ್ಟಿದ ತುದಿಯನ್ನು ನಾನೇ ಹಿಡಿದುಕೊಂಡೆ. ಅವನು ಮೇಲೆ ಕಣ್ಣು ಕಿರಿದು ಮಾಡಿ ನೋಡಿದ, ಇನ್ನೊಮ್ಮೆ ನೋಡಿದ.

"ಹತ್ತ ಫೂಟಿಗೆ ಕೂಡಸಬೇಕಂದ್ರ ಹಲಗಿನ ಎತ್ತಬೇಕಾಕ್ಕೈತಿ ನೋಡ್ರಿ ಮಾಸ್ತರ. ಈಗ ಇದ್ದದ್ದು ಒಂಬತ್ತ ಫೂಟ ನಾಕ ಇಂಚ."

"ಏನರ ಹೇಳಬ್ಯಾಡ್ರಿ," ಎಂದೆ. ಅಜ್ಜನನ್ನು ಇಳಿಸಿ, ಏಣಿಯನ್ನು ಆ ಕಡೆಯ ಕಂಬಕ್ಕೆ ಒಯ್ದು ನಾನೇ ಹತ್ತಿದೆ. ಅಲ್ಲಿಯೂ ಅಷ್ಟೇ. ಕಂಬ ಹೂಳಿಸಿದ ದಿನ ನಾನೇ ಕೈಯಾರೆ ಅಳೆದಿದ್ದೆ, ಹತ್ತು ಅಡಿ ಇತ್ತು. ಕಂಬ ಎಲ್ಲಿಯೂ ಇಳಿದಿರಲಿಲ್ಲ. ನೆಲ ಏರಿತ್ತು. ಹದಿನಾಲ್ಕು ವರ್ಷ ಹುಡುಗರ ತಲೆಯ ಮೇಲೆ ಹೊರಿಸಿ ಹಾಸಿದ್ದ ಗರಸು, ಮಳೆಗೆ ಕೊಚ್ಚಿ ಹೋಗಿದ್ದು ಹೋಗಿ, ಎಂಟು ಇಂಚು ನಿಂತಿತ್ತು. ಒಮ್ಮೆಯೂ ಮತ್ತೆ ಟೇಪು ಹಿಡಿಯಬೇಕೆಂದು ನನಗೆ ಹೊಳೆದಿರಲಿಲ್ಲ. ಅಳೆಯುವುದೇ ಹೊಟ್ಟೆಪಾಡಾದ ಮನುಷ್ಯ ನಾನು. ಓಟ ಅಳೆಯುತ್ತೇನೆ, ಜಿಗಿತ ಅಳೆಯುತ್ತೇನೆ, ಗುಂಡು ಎಸೆದದ್ದು ಅಳೆಯುತ್ತೇನೆ. ಥೂ ನನ್ನ!

ಏಣಿಯ ಮೇಲೆ ನಿಂತಲ್ಲಿಯೇ ಹಿಂದಿನ ವರ್ಷದ ಒಂದು ಮಾತು ನೆನಪಾಯಿತು. ಹೊರಗಿನ ಪಂದ್ಯ ಸೋತು ಬಂದ ದಿನ ಸಾಲಹಳ್ಳಿಯ ಹುಡುಗ ಹೇಳಿದ್ದ, "ಸರ, ಅಲ್ಲಿ ರಿಂಗ್ ಎತ್ತರ ಕಂಡಂಗ ಆತ್ರಿ." ನಾನು ಎಲ್ಲರ ಮುಂದೆ ಅವನ ಮುಖಕ್ಕೆ ಹೊಡೆದ ಹಾಗೆ ಅಂದಿದ್ದೆ, "ರಿಂಗ್ ಎತ್ತರ ಇಲ್ಲೋ, ನಿನ್ನ ಎದಿ ಸಣ್ಣದೈತಿ." ಹುಡುಗರೆಲ್ಲ ನಕ್ಕಿದ್ದರು. ಅವನೂ ನಕ್ಕಿದ್ದ.

ಅಜ್ಜ ಕೆಳಗಿನಿಂದ ಕೇಳಿದ, "ಏನ ಮಾಡೂನ್ರಿ?"

"ಮೊದಲ ಎಲ್ಲಿತ್ತೋ ಅಲ್ಲೇ ಕೂಡಸ್ರಿ," ಎಂದೆ.

ಇದನ್ನು ಬರೆಯುವಾಗ ನೆಪ ಹೇಳಲು ಕೈ ಹೋಗುತ್ತದೆ. ಹನ್ನೆರಡು ದಿನದಲ್ಲಿ ರೂಢಿಯಾದ ಕೈಯನ್ನು ಬದಲಿಸಿದರೆ ಹಳೆಯದೂ ಹೊಸದೂ ಎರಡೂ ಕೆಡುತ್ತವೆ, ಹುಡುಗರ ಧೈರ್ಯ ಕುಂದುತ್ತದೆ ಎಂದು ಆ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹಲಗೆ ಎತ್ತಿಸಲು ಎರಡು ದಿನ ಸಾಕಿತ್ತು. ಅದೂ ಬೇಡವೆಂದರೆ ಹುಡುಗರನ್ನು ಬಸ್ಸು ಹತ್ತಿಸಿ ಯಾವುದಾದರೂ ಸಿಮೆಂಟಿನ ಕೋರ್ಟಿಗೆ ಒಂದು ವಾರ ಕರೆದೊಯ್ಯಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಅವರೆಲ್ಲ ಹೇಗೆ ನಗುತ್ತಾರೆ, ಸವದತ್ತಿ, ರಾಮದುರ್ಗದ ಮಾಸ್ತರರ ಬಾಯಿಗೆ ಸಿಕ್ಕು ನನ್ನ ಮಾನ ಹೇಗೆ ಹರಾಜಾಗುತ್ತದೆ ಎಂಬುದಷ್ಟೇ ನನ್ನ ಕಣ್ಣ ಮುಂದೆ ಇತ್ತು. ಇಷ್ಟು ವರ್ಷ ಸೋತು ಬಂದ ತಂಡಗಳ ಹುಡುಗರಲ್ಲಿ ಒಬ್ಬೊಬ್ಬನನ್ನೂ ಹೆಸರು ಹಿಡಿದು ಬೈದಿದ್ದೆ. ಅವರೆಲ್ಲರಿಗೂ ಗೊತ್ತಾಗುತ್ತಿತ್ತು.

ಆ ಹನ್ನೆರಡು ದಿನವೂ ನಾನು ಅಭ್ಯಾಸ ಮಾಡಿಸಿದೆ. ಸಾಲಹಳ್ಳಿಯವನು ಎಸೆದದ್ದು ಒಳಗೆ ಬಿದ್ದಾಗಲೆಲ್ಲ ಬೇರೆ ಕಡೆ ತಿರುಗಿ ಸೀಟಿ ಊದುತ್ತಿದ್ದೆ. ಹೊರಡುವ ಹಿಂದಿನ ಸಂಜೆ ಚೆಂಡುಗಳನ್ನು ಕೊಠಡಿಗೆ ತಂದಿಟ್ಟು ಅವನು ಬಾಗಿಲಲ್ಲೇ ನಿಂತ.

"ಸರ, ಈ ಸರ್ತಿ ಆಗತೈತೇನ್ರಿ?"

ನಾವಿಬ್ಬರೇ ಇದ್ದೆವು. ಹೇಳಬಹುದಿತ್ತು. ಸ್ವಲ್ಪ ಎತ್ತರಕ್ಕೆ ಎಸೆ, ಅಲ್ಲಿ ರಿಂಗು ಎಂಟು ಇಂಚು ಮೇಲಿದೆ ಎಂದಿದ್ದರೆ, ಆ ಹುಡುಗ ರಾತ್ರಿಯೆಲ್ಲ ಗೋಡೆಗೆ ಗುರುತು ಹಾಕಿಕೊಂಡಾದರೂ ಎಸೆದು ಕಲಿಯುತ್ತಿದ್ದ.

"ಆಗತೈತಿ ಹೋಗೋ. ಎಲ್ಲಾ ನಿನ್ನ ಕೈಯಾಗ ಐತಿ," ಎಂದೆ.

ಸವದತ್ತಿಯಲ್ಲಿ ಅವನ ಮೊದಲ ಚೆಂಡು ರಿಂಗಿನ ಮುಂದಿನ ಅಂಚಿಗೆ ಬಡಿದು ಬಿತ್ತು. ಎರಡನೆಯದೂ ಅಲ್ಲಿಗೇ. ಮೂರನೆಯದು ರಿಂಗನ್ನು ಮುಟ್ಟಲೂ ಇಲ್ಲ. ಆಯ್ಕೆ ಸಮಿತಿಯವರು ಕುರ್ಚಿ ಹಾಕಿಕೊಂಡು ಕುಳಿತಿದ್ದರು, ಕೈಯಲ್ಲಿ ಕಾಗದ. ಹುಡುಗ ತನ್ನ ಅಂಗೈಯನ್ನು ತಿರುವಿ ನೋಡಿಕೊಂಡ, ಚಡ್ಡಿಗೆ ಒರೆಸಿಕೊಂಡ, ಮತ್ತೆ ಎಸೆದ. ಅಷ್ಟು ಜನರಲ್ಲಿ ಏನಾಗುತ್ತಿದೆ ಎಂದು ಗೊತ್ತಿದ್ದವನು ನಾನೊಬ್ಬನೇ. ತಡೆಯಲಾರದೆ ಗೆರೆಯ ಹೊರಗಿನಿಂದ ಚೀರಿದೆ, "ಮ್ಯಾಲೆತ್ತಿ ಹಾಕೋ! ಮ್ಯಾಲ!" ಅವನು ನನ್ನ ಮಾತು ಕೇಳಿ ಎತ್ತಿದ. ಎಷ್ಟು ಎತ್ತಬೇಕೆಂದು ಪಾಪ ಅವನಿಗೇನು ಗೊತ್ತು? ಚೆಂಡು ಹಲಗೆಯನ್ನೇ ದಾಟಿ ಆಚೆ ಬಿತ್ತು. ಜನ ಹೋ ಎಂದು ನಕ್ಕರು. ಅಲ್ಲಿಂದ ಮುಂದೆ ಅವನು ಎಸೆಯುವುದನ್ನೇ ಬಿಟ್ಟು, ಚೆಂಡು ಬಂದ ತಕ್ಷಣ ಬೇರೆಯವರಿಗೆ ದಾಟಿಸಿಬಿಡುತ್ತಿದ್ದ. ಆಯ್ಕೆ ಸಮಿತಿಯವರ ಪೆನ್ನು ಅವನ ಕಡೆ ಏಳಲಿಲ್ಲ. ಸಂಜೆ ಹೆಸರು ಓದಿದಾಗ ಅವನದಿರಲಿಲ್ಲ.

ವಾಪಸು ಬರುವಾಗ ಯರಗಟ್ಟಿಯಲ್ಲಿ ಅವನು ಇಳಿದ. ಅಲ್ಲಿಂದ ಊರಿನ ಬಸ್ಸು ಹಿಡಿಯುತ್ತೇನೆ, ಎರಡು ದಿನ ಮನೆಯಲ್ಲಿದ್ದು ಬರುತ್ತೇನೆ ಎಂದ. ಚಹಾ ಕುಡಿಯಲೆಂದು ನಾವೂ ಇಳಿದಿದ್ದೆವು. ಎಲ್ಲರೂ ನೋಡುತ್ತಿದ್ದಂತೆ ಬಗ್ಗಿ ನನ್ನ ಕಾಲು ಮುಟ್ಟಿದ.

"ನಿಮ್ಮ ಹೆಸರ ಕೆಡಸಿದ್ನಿರಿ ಸರ. ಮೂರ ವರ್ಷ ಕಲಿಸಿದ್ರಿ, ನನ್ನ ಕೈಲೆ ಆಗಲಿಲ್ಲ."

"ನಸೀಬ ಇರಬೇಕಲ್ಲೋ ತಮ್ಮಾ, ಹೋಗಲಿ ಬಿಡು," ಎಂದೆ. ಹಾಗೆಂದ ಬಾಯಿಗೆ ಹುಳ ಬೀಳಲಿ.

ಬೇಸಿಗೆಯ ಸೂಟಿಯಲ್ಲಿ, ಕಾಲೇಜಿನಲ್ಲಿ ಒಂದು ನರಪಿಳ್ಳೆಯೂ ಇಲ್ಲದ ಹೊತ್ತು ನೋಡಿ, ಬೇರೆ ಊರಿನ ವೆಲ್ಡರನನ್ನು ಕರೆಸಿ ಎರಡೂ ಹಲಗೆಗಳನ್ನು ಎತ್ತರಿಸಿದೆ. ಕಂಬಕ್ಕೆ ತುಕ್ಕು ಹಿಡಿದಿತ್ತು, ರಿಪೇರಿ ಮಾಡಿಸಿದೆ ಎಂದು ಪ್ರಿನ್ಸಿಪಾಲರಿಗೆ ಹೇಳಿದೆ. ಸಾಲಹಳ್ಳಿಯ ಹುಡುಗ ಬಿ.ಪಿ.ಇಡಿ.ಗೆ ಅರ್ಜಿ ಹಾಕಿದ್ದ, ಸೀಟು ಸಿಗಲಿಲ್ಲ. ಯರಗಟ್ಟಿಯ ಅಡತಿ ಅಂಗಡಿಯಲ್ಲಿ ಕಾಳಿನ ಚೀಲ ತೂಗುವ ಕೆಲಸಕ್ಕೆ ಸೇರಿದನೆಂದು ಕೇಳಿದೆ.

ಮಾರ್ಕ್ಸ್ ಕಾರ್ಡ್ ಒಯ್ಯಲು ಅವನು ಬಂದದ್ದು ಮುಂದಿನ ಸೀಸನ್ನಿನ ತಯಾರಿ ಶುರುವಾದ ಮೇಲೆ. ಹೊಸ ಹುಡುಗರು ಅಭ್ಯಾಸ ಮಾಡುತ್ತಿದ್ದರು. ಅವನು ಗ್ರೌಂಡಿಗೆ ಬಂದು ನಮಸ್ಕಾರ ಮಾಡಿದ, ಕೂದಲಲ್ಲಿ ಕಾಳಿನ ಧೂಳಿತ್ತು. ಒಬ್ಬನ ಕೈಯಿಂದ ಚೆಂಡು ಇಸಿದುಕೊಂಡು ತನ್ನ ಎಡ ಮೂಲೆಗೆ ಹೋಗಿ ಎಸೆದ. ಮುಂದಿನ ಅಂಚಿಗೆ ಬಡಿಯಿತು. ಇನ್ನೊಂದು ಎಸೆದ, ಅದೂ ಹಾಗೇ. ನಗುತ್ತ ರಿಂಗಿನ ಕೆಳಗೆ ಬಂದು, ಬಲೆಯ ತುದಿ ಮುಟ್ಟಲು ಕೈ ಚಾಚಿದ. ಮೊದಲು ಹಿಮ್ಮಡಿ ಎತ್ತದೆ ಮುಟ್ಟುತ್ತಿದ್ದವನು. ಈಗ ಸಿಗಲಿಲ್ಲ. ಕೈಯನ್ನು ಹಾಗೇ ಮೇಲೆ ಇಟ್ಟುಕೊಂಡು ನನ್ನ ಕಡೆ ತಿರುಗಿದ.

"ಸರ, ಇದು ಮೊದಲಿಗಿಂತ ಎತ್ತರ ಆಗೇತಿ."

"ಹೂಂ. ಗರಸು ಹಾಕಿ ಹಾಕಿ ನೆಲ ಏರಿತ್ತು. ಅದಕ್ಕ ಎತ್ತರಿಸಿದ್ವಿ."

"ಎಷ್ಟ ಕಡಿಮಿ ಇತ್ರಿ?"

"ಎಂಟ ಇಂಚ."

ಬೈಯಲಿ, ಚೆಂಡನ್ನು ನನ್ನ ಮುಖಕ್ಕೆ ಎಸೆಯಲಿ ಎಂದು ಕಾದೆ. ಅವನ ಮುಖ ಅರಳಿತು. ಆಣೆ ಮಾಡಿ ಹೇಳುತ್ತೇನೆ, ಅರಳಿತು.

"ಅಂದ್ರ ನನ್ನ ಕೈ ಕೆಟ್ಟಿದ್ದಿಲ್ಲಲ್ರಿ ಸರ! ಇಷ್ಟ ದಿನಾ ನನ್ನ ಕೈನ ಖೋಟಾ ಅಂತ ತಿಳಕೊಂಡಿದ್ನಿ. ಅಪ್ಪಗೂ ಹಂಗ ಹೇಳಿದ್ನಿ." ಆಮೇಲೆ ಕೇಳಿದ, "ನಿಮಗ ಯಾವಾಗ ಗೊತ್ತಾತ್ರಿ?"

"ಸೂಟಿಯಾಗ," ಎಂದೆ.

"ನಿಮಗರ ಹೆಂಗ ಗೊತ್ತಾಗಬೇಕ್ರಿ, ಪಾಪ. ಗೊತ್ತಿದ್ರ ನನಗ ಹೇಳದ ಬಿಡತಿದ್ರೇನು?"

ಹಾಗೆಂದು ಮತ್ತೆ ಮೂಲೆಗೆ ಹೋದ. ಈ ಸಲ ಲೆಕ್ಕ ತಿಳಿದಿತ್ತು. ನಾಲ್ಕನೆಯದಕ್ಕೋ ಐದನೆಯದಕ್ಕೋ ಚೆಂಡು ಬಲೆಯೊಳಗೆ ಇಳಿಯಿತು, ಆಮೇಲೆ ಸಾಲಾಗಿ ಇಳಿಯತೊಡಗಿತು. ಹೊಸ ಹುಡುಗರು ಚಪ್ಪಾಳೆ ತಟ್ಟಿದರು. ಯರಗಟ್ಟಿಯ ಬಸ್ಸಿಗೆ ಹೊತ್ತಾಯಿತೆಂದು ಚೆಂಡು ಕೊಟ್ಟು, "ಸರ ಹೇಳಿದಂಗ ಕೇಳ್ರೋ, ಬೈದ್ರ ಸಿಟ್ಟ ಮಾಡಬ್ಯಾಡ್ರಿ," ಎಂದು ಅವರಿಗೆ ಬುದ್ಧಿ ಹೇಳಿ ಹೊರಟ.

ಗೇಟಿನ ತನಕ ಹೋದವನನ್ನು ಕರೆಯಬೇಕೆಂದು ನಾಲ್ಕು ಹೆಜ್ಜೆ ಓಡಿದೆ, ಬಾಯಿಯನ್ನೂ ತೆರೆದೆ. ಹಿಂದೆ ತಿರುಗಿ ನೋಡಿದರೆ ಹೊಸ ಹುಡುಗರೆಲ್ಲ ಆಟ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಏನ ನೋಡ್ತೀರಿ? ಆಡ್ರಿ!" ಎಂದು ಗದರಿದೆ.